ಪ್ರಾಗ್‌ನಲ್ಲಿ ಹೋಟೆಲ್ ಆರಿಸುವುದು, ಊರು ನೋಡುವುದು: 22ನೇ ನಂಬರ್ ಟ್ರಾಮ್ ಹಿಡಿದು

ಎಪ್ಪತ್ತೊಂದು ಮೆಟ್ಟಿಲು. ಎಣಿಸಿದ್ದು ಅಮ್ಮ.

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಮೊದಲ ಸಲ ಹೋದಾಗ ನಾನು ಬುಕ್ ಮಾಡಿದ್ದ ಕೋಣೆ ಅಷ್ಟು ಮೇಲಿತ್ತು. ಬುಕಿಂಗ್ ಆ್ಯಪಿನಲ್ಲಿ "ಐತಿಹಾಸಿಕ ಕಟ್ಟಡ, ಹಳೇ ಊರಿನ ಚೌಕಕ್ಕೆ 400 ಮೀಟರ್" ಎಂದಿತ್ತು. ಎರಡೂ ಸುಳ್ಳಲ್ಲ. ಕಟ್ಟಡ ಐತಿಹಾಸಿಕವೇ, ಅದಕ್ಕೇ ಲಿಫ್ಟ್ ಇರಲಿಲ್ಲ. ಆ 400 ಮೀಟರ್ ಪೂರ್ತಿ ಉಬ್ಬುತಗ್ಗಿನ ಕಲ್ಲುಹಾಸು. ಸೂಟ್‌ಕೇಸಿನ ಒಂದು ಚಕ್ರ ಅರ್ಧ ದಾರಿಯಲ್ಲೇ ಕಿತ್ತುಕೊಂಡು ಹೋಯಿತು. ರಾತ್ರಿ ಎರಡು ಗಂಟೆಯವರೆಗೆ ಕಿಟಕಿ ಕೆಳಗೆ ಕುಡಿದವರ ಹಾಡು. ಮೊಣಕಾಲು ನೋವಿನ ಅಮ್ಮ ಒಮ್ಮೆ ಮೇಲೆ ಹತ್ತಿದರೆ ಮತ್ತೆ ಕೆಳಗಿಳಿಯಲು ಒಪ್ಪುತ್ತಿರಲಿಲ್ಲ. ಮೂರನೇ ದಿನ ಗಂಟುಮೂಟೆ ಕಟ್ಟಿಕೊಂಡು ವಿನೊಹ್ರಾದಿ ಎಂಬ ಬಡಾವಣೆಗೆ ಹೋದೆವು. ಚೌಕದಿಂದ ಎರಡು ಕಿಲೋಮೀಟರ್ ದೂರ. ಆದರೆ ಬಾಗಿಲಿನಿಂದ ಟ್ರಾಮ್ ಸ್ಟಾಪಿಗೆ ಮೂರು ನಿಮಿಷ. ನಮ್ಮ ಪ್ರವಾಸ ಶುರುವಾಗಿದ್ದು ಅವತ್ತು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಸ್ಟಾರ್ ಎಷ್ಟು, ಚೌಕಕ್ಕೆ ಎಷ್ಟು ದೂರ ಅಂತ ಈಗ ನೋಡುವುದೇ ಇಲ್ಲ. ಟ್ರಾಮ್ ಸ್ಟಾಪಿಗೂ ಮಂಚಕ್ಕೂ ನಡುವೆ ಏನೇನಿದೆ ಎಂದು ಮಾತ್ರ ನೋಡುತ್ತೇನೆ.

ಮೊದಲ ಹೆಜ್ಜೆ: ವೀಸಾ ಮತ್ತು ತಾರೀಖು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕು. ಅರ್ಜಿಯ ಜೊತೆ ಉಳಿಯುವ ಜಾಗದ ಬುಕಿಂಗನ್ನೂ ತೋರಿಸಬೇಕು. ಹಾಗಾಗಿ ಮೊದಲು ವೀಸಾ, ಆಮೇಲೆ ಹೋಟೆಲ್ ಅನ್ನುವ ಹಾಗಿಲ್ಲ. ದುಡ್ಡು ವಾಪಸ್ ಬರುವ, ಉಚಿತ ಕ್ಯಾನ್ಸಲೇಷನ್ ಇರುವ ಕೋಣೆಯನ್ನೇ ಹಿಡಿಯಿರಿ. ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಬುಕಿಂಗ್‌ನಲ್ಲಿ ನಿಮ್ಮ ಜೊತೆ ಬರುವ ಎಲ್ಲರ ಹೆಸರೂ ಇರಲಿ. ತಾರೀಖುಗಳು ವಿಮಾನದ ಟಿಕೆಟಿಗೆ ಹೊಂದಬೇಕು, ನಡುವೆ ಒಂದು ರಾತ್ರಿಯೂ ಖಾಲಿ ಬಿಡಬಾರದು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

ಯಾವ ತಿಂಗಳು ಹೋಗುವುದು? ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಡಿಸೆಂಬರ್‌ನ ಕ್ರಿಸ್ಮಸ್ ಸಂತೆ ಚಂದ, ಆದರೆ ಕೋಣೆ ಬಾಡಿಗೆ ಗಗನಕ್ಕೇರುತ್ತದೆ. ಈಸ್ಟರ್ ವಾರವೂ ಹಾಗೇ. ನನ್ನನ್ನು ಕೇಳಿದರೆ ಏಪ್ರಿಲ್ ಕೊನೆ ಅಥವಾ ಅಕ್ಟೋಬರ್ ಮೊದಲ ಭಾಗ. ಒಂದು ಸ್ವೆಟರ್ ಮತ್ತು ಜಾಕೆಟ್ ಸಾಕು, ಬೆವರೂ ಇಲ್ಲ.

ಎರಡನೇ ಹೆಜ್ಜೆ: ಯಾವ ಬಡಾವಣೆ?

ವಲ್ತಾವಾ ನದಿ ಊರನ್ನು ಎರಡು ಭಾಗ ಮಾಡುತ್ತದೆ. ಪೂರ್ವ ದಡದಲ್ಲಿ ಹಳೇ ಊರು, ಅಂದರೆ ಸ್ತಾರೆ ಮ್ಯೆಸ್ತೊ. ಪಶ್ಚಿಮಕ್ಕೆ ಗುಡ್ಡದ ಮೇಲೆ ಕೋಟೆ, ಅದರ ಕಾಲಬುಡದಲ್ಲಿ ಮಾಲಾ ಸ್ತ್ರಾನಾ. ನಡುವೆ ಚಾರ್ಲ್ಸ್ ಸೇತುವೆ. ಮೊದಲ ಸಲ ಬರುವವರೆಲ್ಲ ಈ ಮೂರರ ನಡುವೆಯೇ ಕೋಣೆ ಹುಡುಕುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಹಳೇ ಊರಿನಲ್ಲಿ ಉಳಿದರೆ ಬೆಳಗ್ಗೆ ಆರಕ್ಕೆ ಖಾಲಿ ಚೌಕ ನಿಮ್ಮದೇ. ಅದೊಂದು ಸುಖ ನಿಜ. ಆದರೆ ದ್ಲೌಹಾ ಬೀದಿಯ ಸುತ್ತಮುತ್ತ ಬಾರುಗಳು ಜಾಸ್ತಿ. ರಾತ್ರಿ ಹತ್ತರ ಮೇಲೆ ಗೈಡ್ ಕರೆದುಕೊಂಡು ಬಾರಿಂದ ಬಾರಿಗೆ ಗುಂಪು ಸುತ್ತಿಸುವುದನ್ನು 2024ರಲ್ಲಿ ನಗರಸಭೆಯೇ ನಿಷೇಧಿಸಿತು ಎಂದರೆ ಗಲಾಟೆ ಎಷ್ಟಿತ್ತು ಎಂದು ಊಹಿಸಿಕೊಳ್ಳಿ. ಇಲ್ಲೇ ಉಳಿಯುವುದಾದರೆ ಒಳ ಅಂಗಳದ ಕಡೆ ಕಿಟಕಿ ಇರುವ ಕೋಣೆ ಕೇಳಿ. ಬೀದಿ ನೋಟ ಸಿಗುವುದಿಲ್ಲ, ನಿದ್ದೆ ಸಿಗುತ್ತದೆ.

ಮಾಲಾ ಸ್ತ್ರಾನಾ ರಾತ್ರಿ ನಿಶ್ಶಬ್ದ, ನೋಡಲು ಚಿತ್ರದ ಹಾಗೆ. ಹೊಸದಾಗಿ ಮದುವೆಯಾದವರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಏರು, ಇಳುಕಲು, ಕಲ್ಲು. ವಯಸ್ಸಾದವರು ಜೊತೆಗಿದ್ದರೆ, ತಳ್ಳುಗಾಡಿಯಲ್ಲಿ ಮಗು ಇದ್ದರೆ ಎರಡು ಸಲ ಯೋಚಿಸಿ.

ನನ್ನ ಆಯ್ಕೆ ವಿನೊಹ್ರಾದಿ. ಹೆಸರಿನ ಅರ್ಥ ದ್ರಾಕ್ಷಿ ತೋಟಗಳು. ಈಗ ತೋಟ ಹೆಚ್ಚೇನೂ ಉಳಿದಿಲ್ಲ, ಸಾಲುಮರದ ಬೀದಿಗಳು, ನೂರು ವರ್ಷ ದಾಟಿದ ಐದಾರು ಅಂತಸ್ತಿನ ಮನೆಗಳು, ಮೂಲೆ ಮೂಲೆಗೆ ಬೇಕರಿ. ನಾಮ್ಯೆಸ್ತಿ ಮೀರು ಎಂಬ ಚೌಕ ಇದರ ಹೃದಯ. ಅಲ್ಲಿ ಮೆಟ್ರೋ ಎ ಲೈನ್ ಇದೆ, 22ನೇ ನಂಬರ್ ಟ್ರಾಮೂ ನಿಲ್ಲುತ್ತದೆ. ಈ ಟ್ರಾಮ್ ನ್ಯಾಷನಲ್ ಥಿಯೇಟರ್ ಪಕ್ಕದಲ್ಲಿ ನದಿ ದಾಟಿ, ಮಾಲಾ ಸ್ತ್ರಾನಾ ಹಾದು, ಗುಡ್ಡ ಸುತ್ತಿ ಕೋಟೆಯ ಹಿಂಬಾಗಿಲಿಗೆ ಹೋಗುತ್ತದೆ. ಪ್ರವಾಸಿ ಬಸ್ಸಿನವರು ದುಬಾರಿ ದುಡ್ಡಿಗೆ ತೋರಿಸುವುದನ್ನು ಇದು ಸಿಟಿ ಬಸ್ ಟಿಕೆಟಿನಲ್ಲಿ ತೋರಿಸುತ್ತದೆ. ಜೇಬುಗಳ್ಳರಿಗೂ ಈ ವಿಷಯ ಗೊತ್ತು. ಬ್ಯಾಗು ಎದೆಯ ಮೇಲಿರಲಿ.

ಇನ್ನು ಕಾರ್ಲೀನ್: 2002ರ ಆಗಸ್ಟ್ ಪ್ರವಾಹದಲ್ಲಿ ಮುಳುಗಿ ಮತ್ತೆ ಎದ್ದ ಬಡಾವಣೆ. ಪೂರ್ತಿ ಸಮತಟ್ಟು, ಹೊಸ ಹೋಟೆಲುಗಳು, ದೊಡ್ಡ ಲಿಫ್ಟುಗಳು. ಗಾಲಿಕುರ್ಚಿ ಬಳಸುವವರಿದ್ದರೆ ಇಲ್ಲಿಂದಲೇ ಹುಡುಕಲು ಶುರುಮಾಡಿ. ಜಿಜ್ಕೊವ್ ಅಗ್ಗ, ಹುಡುಗರಿಗೆ ಸರಿ. ಮುಖ್ಯ ರೈಲು ನಿಲ್ದಾಣದ ಎದುರಿನ ಪಾರ್ಕು ರಾತ್ರಿ ಹೊತ್ತು ಅಷ್ಟೇನೂ ಹಿತವಾಗಿರುವುದಿಲ್ಲ. ಬೆಳಗಿನ ರೈಲು ಹಿಡಿಯುವುದಿದ್ದರೆ ಮಾತ್ರ ಅಲ್ಲಿ ಒಂದು ರಾತ್ರಿ.

ಮೂರನೇ ಹೆಜ್ಜೆ: ಹೋಟೆಲ್ ಪುಟವನ್ನು ಓದುವ ರೀತಿ

ಫೋಟೋ ಆಮೇಲೆ ನೋಡಿ. ಮೊದಲು ಎರಡು ಮತ್ತು ಮೂರು ಸ್ಟಾರ್ ಕೊಟ್ಟವರ ರಿವ್ಯೂ ಓದಿ. ಒಂದು ಸ್ಟಾರ್ ಕೊಟ್ಟವರಿಗೆ ಕೋಪ ಇರುತ್ತದೆ, ಐದು ಕೊಟ್ಟವರಿಗೆ ಸಂಭ್ರಮ. ನಡುವಿನವರು ವಿಷಯ ಹೇಳುತ್ತಾರೆ. ರಿವ್ಯೂಗಳಲ್ಲಿ ಮೆಟ್ಟಿಲು, ಲಿಫ್ಟ್, ಸೆಕೆ, ಸದ್ದು ಈ ನಾಲ್ಕು ಪದ ಹುಡುಕಿ.

ಲಿಫ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಇರುವ ಹಾಗೆ ಅಲ್ಲೂ ನೆಲಮಹಡಿ ಬಿಟ್ಟು ಒಂದನೇ ಮಹಡಿ ಎಣಿಸುತ್ತಾರೆ. ಆದರೆ ಹಳೇ ಮನೆಗಳಲ್ಲಿ ಬೀದಿಯಿಂದ ಏಳೆಂಟು ಮೆಟ್ಟಿಲು ಮೇಲೆ ಎತ್ತರಿಸಿದ ನೆಲಮಹಡಿ ಇರುವುದುಂಟು, ಅದರ ಮೇಲೊಂದು ಅರ್ಧಮಹಡಿಯೂ ಇರುವುದುಂಟು. ಆಗ ಕಾಗದದ ಮೇಲಿನ ಒಂದನೇ ಮಹಡಿ ಕಾಲಿಗೆ ಎರಡನೆಯದು. ಲಿಫ್ಟ್ ಇದ್ದರೂ ಆಮೇಲೆ ಸೇರಿಸಿದ್ದಾಗಿದ್ದರೆ ಅದು ಮೆಟ್ಟಿಲುಗಳ ತಿರುವಿನಲ್ಲಿ ನಿಲ್ಲಬಹುದು. ಅಲ್ಲಿಂದ ಮತ್ತೆ ಹತ್ತು ಮೆಟ್ಟಿಲು. ಆದ್ದರಿಂದ ಹೋಟೆಲಿನವರಿಗೆ "ಲಿಫ್ಟ್ ಇದೆಯಾ?" ಎಂದು ಕೇಳಬೇಡಿ. "ಬೀದಿ ಬಾಗಿಲಿಂದ ಕೋಣೆ ಬಾಗಿಲಿಗೆ ಒಟ್ಟು ಎಷ್ಟು ಮೆಟ್ಟಿಲು?" ಎಂದು ಬರೆದು ಕೇಳಿ. ಈ ಪ್ರಶ್ನೆಗೆ ಬಂದ ಉತ್ತರದಲ್ಲೇ ಹೋಟೆಲಿನವರ ಗುಣವೂ ಗೊತ್ತಾಗುತ್ತದೆ. ವಿನೊಹ್ರಾದಿಯ ಪೆನ್ಷನ್‌ನವರು ಅರ್ಧ ಗಂಟೆಯಲ್ಲಿ "ಆರು" ಎಂದು ಬರೆದಿದ್ದರು. ಅಮ್ಮ ಹೋಗಿ ಎಣಿಸಿದರು. ಆರೇ ಇತ್ತು. ಪೆನ್ಷನ್ ಅಂದರೆ ನಿವೃತ್ತಿ ವೇತನ ಅಲ್ಲ, ಅಲ್ಲಿ ಸಣ್ಣ ವಸತಿಗೃಹಕ್ಕೆ ಹಾಗನ್ನುತ್ತಾರೆ.

ಜುಲೈ, ಆಗಸ್ಟ್ ಆದರೆ ಎಸಿ ಇದೆಯಾ ನೋಡಿ. ಯುರೋಪ್ ತಂಪು ಎಂದುಕೊಂಡು ಹೋಗಿ, ಹೆಂಚಿನ ಕೆಳಗಿನ ಅಟ್ಟದ ಕೋಣೆಯಲ್ಲಿ ಬೆಂದವರಿದ್ದಾರೆ. ಡಬಲ್ ಬೆಡ್ ಎಂದರೆ ಸಾಮಾನ್ಯವಾಗಿ ಎರಡು ಒಂಟಿ ಹಾಸಿಗೆ ಜೋಡಿಸಿದ್ದು. ನಡುವೆ ಮಗು ಮಲಗಿಸಿದರೆ ಬೆಳಗ್ಗೆ ಸಂದಿನಲ್ಲಿರುತ್ತದೆ.

ನಾಲ್ಕು ದಿನಕ್ಕಿಂತ ಹೆಚ್ಚು ಉಳಿಯುವುದಾದರೆ, ಸಸ್ಯಾಹಾರಿಗಳಾದರೆ, ಅಡುಗೆಮನೆ ಇರುವ ಜಾಗ ನೋಡಿ. ಅಲ್ಲಿನ ಅಂಗಡಿಗಳಲ್ಲಿ ಅಕ್ಕಿಯನ್ನು ತೂತಿನ ಸಣ್ಣ ಚೀಲಗಳಲ್ಲಿ ತುಂಬಿ ಮಾರುತ್ತಾರೆ. ಚೀಲದ ಸಮೇತ ಕುದಿಯುವ ನೀರಿಗೆ ಹಾಕುವುದು, ಅನ್ನ ಆದಮೇಲೆ ಎತ್ತಿ ಬಸಿಯುವುದು. ಅಮ್ಮನಿಗೆ ಇದು ಪರಮ ತಮಾಷೆ. "ಬೀಲಿ ಯೋಗುರ್ಟ್" ಎಂದು ಬರೆದ ಡಬ್ಬಿ ತನ್ನಿ, ಸಪ್ಪೆ ಮೊಸರು ಅದು. ಊರಿಂದ ತಂದ ಉಪ್ಪಿನಕಾಯಿ ಜೊತೆ ಸೇರಿದರೆ ಮೊಸರನ್ನಕ್ಕೆ ಏನೂ ಕಡಿಮೆಯಿಲ್ಲ.

ಕೊನೆಯದಾಗಿ ತೆರಿಗೆ. ದೊಡ್ಡವರಿಗೆ ತಲೆಗೆ ರಾತ್ರಿಗೆ 50 ಕೊರುನಾ ನಗರ ಶುಲ್ಕವಿದೆ. ಎಷ್ಟೋ ಕಡೆ ಇದು ಬುಕಿಂಗ್ ದರದಲ್ಲಿ ಸೇರಿರುವುದಿಲ್ಲ, ಕೌಂಟರಿನಲ್ಲಿ ಕೇಳುತ್ತಾರೆ. ಮೋಸ ಅಂದುಕೊಂಡು ಜಗಳಕ್ಕೆ ಹೋಗಬೇಡಿ.

ನಾಲ್ಕನೇ ಹೆಜ್ಜೆ: ಇಳಿದ ಮೊದಲ ಎರಡು ಗಂಟೆ

ದುಡ್ಡು ಯೂರೋ ಅಲ್ಲ, ಚೆಕ್ ಕೊರುನಾ. ವಿಮಾನ ನಿಲ್ದಾಣದಲ್ಲಿ, ಪ್ರವಾಸಿ ಬೀದಿಗಳಲ್ಲಿ ನೋಟು ಬದಲಿಸುವ ಅಂಗಡಿಗಳಿವೆ. ಅವಸರದಲ್ಲಿ ಅಲ್ಲಿಗೆ ನುಗ್ಗಬೇಡಿ. ಬದಲಿಸಿದ ಮೇಲೆ ದರ ಕೆಟ್ಟದ್ದು ಎಂದು ಗೊತ್ತಾದರೆ ಮೂರು ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಕೇಳುವ ಹಕ್ಕು 2019ರಿಂದ ಕಾನೂನಿನಲ್ಲಿದೆ. 1,000 ಯೂರೋವರೆಗಿನ ಮೊತ್ತಕ್ಕೆ ಇದು ಅನ್ವಯಿಸುತ್ತದೆ. ರಸೀದಿ ಎಸೆಯಬೇಡಿ. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಯಂತ್ರ "ರೂಪಾಯಿಯಲ್ಲೋ, ಕೊರುನಾದಲ್ಲೋ?" ಎಂದು ಕೇಳಿದರೆ ಕೊರುನಾವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರಿಗೆ ಇಷ್ಟ ಬಂದ ದರ.

ಸಾರಿಗೆಗೆ 24 ಗಂಟೆ ಅಥವಾ 72 ಗಂಟೆಯ ಟಿಕೆಟ್ ತೆಗೆದುಕೊಳ್ಳಿ. ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ಒಂದೇ. ಕಾಗದದ ಟಿಕೆಟನ್ನು ಮೊದಲ ಸಲ ಹತ್ತುವಾಗ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು, ಆಗಿನಿಂದ ಗಡಿಯಾರ ಶುರು. ಮುದ್ರೆ ಬೀಳದ ಟಿಕೆಟ್ ಟಿಕೆಟೇ ಅಲ್ಲ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿರುತ್ತಾರೆ, "ಗೊತ್ತಿರಲಿಲ್ಲ" ಎಂಬ ಮಾತು ಅವರ ಹತ್ತಿರ ನಡೆಯುವುದಿಲ್ಲ. ಟ್ರಾಮಿನ ಒಳಗಿನ ಕಾರ್ಡ್ ಯಂತ್ರದಲ್ಲಿ ಕೊಂಡರೆ ಮುದ್ರೆ ಬೇಕಿಲ್ಲ, ಅದು ಆಗಲೇ ಚಾಲೂ.

ವಿಮಾನ ನಿಲ್ದಾಣದಿಂದ 59ನೇ ನಂಬರ್ ಟ್ರಾಲಿಬಸ್ ಹತ್ತಿ. ನಾದ್ರಾಜಿ ವೆಲೆಸ್ಲಾವೀನ್‌ನಲ್ಲಿ ಇಳಿದರೆ ಮೆಟ್ರೋ ಎ ಲೈನ್, ಅದು ನೇರ ನಾಮ್ಯೆಸ್ತಿ ಮೀರುವಿಗೆ. ಒಂದು ಎಚ್ಚರಿಕೆ: ನಾಮ್ಯೆಸ್ತಿ ಮೀರು ನಿಲ್ದಾಣ ಐವತ್ತು ಮೀಟರಿಗೂ ಹೆಚ್ಚು ಆಳದಲ್ಲಿದೆ. ಎಸ್ಕಲೇಟರ್ ಸುಮಾರು 87 ಮೀಟರ್ ಉದ್ದ, ಹತ್ತಲು ಎರಡು ನಿಮಿಷದ ಮೇಲೆ ಬೇಕು. ಅಮ್ಮ ಕಣ್ಣು ಮುಚ್ಚಿಕೊಂಡು ವಿಷ್ಣು ಸಹಸ್ರನಾಮ ಶುರುಮಾಡಿದರು. ಎಸ್ಕಲೇಟರ್ ಭಯ ಇರುವವರಿದ್ದರೆ ಮೊದಲ ದಿನ ಆ್ಯಪ್ ಟ್ಯಾಕ್ಸಿಯೇ ವಾಸಿ.

ಐದನೇ ಹೆಜ್ಜೆ: ಏರುವುದು ಟ್ರಾಮಿನಲ್ಲಿ, ಇಳಿಯುವುದು ಕಾಲಿನಲ್ಲಿ

ಕೋಟೆಯನ್ನು ಎಲ್ಲರೂ ಕೆಳಗಿನಿಂದ ಹತ್ತುತ್ತಾರೆ, ಮೇಲೆ ಹೋಗುವಷ್ಟರಲ್ಲಿ ಉಸ್ಸಪ್ಪಾ ಎನ್ನುತ್ತಾರೆ. ನೀವು 22 ಹತ್ತಿ, ಕೋಟೆಯ ಸ್ಟಾಪನ್ನೂ ದಾಟಿ ಪೊಹೊರ್ಜೆಲೆಟ್ಸ್‌ವರೆಗೆ ಹೋಗಿ. ಅಲ್ಲಿಂದ ಬಹುತೇಕ ಇಳಿಜಾರು. ಮೊದಲು ಸ್ಟ್ರಾಹೊವ್ ಮಠ. ಅಲ್ಲಿನ ಗ್ರಂಥಾಲಯದ ಎರಡು ದೊಡ್ಡ ಸಭಾಂಗಣಗಳನ್ನು ಬಾಗಿಲಲ್ಲೇ ನಿಂತು ನೋಡಬೇಕು, ಆದರೂ ಸಾರ್ಥಕ. ಮಠದ ಕೆಳಗಿನ ಕಟ್ಟೆಯಿಂದ ಇಡೀ ಊರಿನ ಕೆಂಪು ಹೆಂಚುಗಳು ಕಾಣುತ್ತವೆ. ಆಮೇಲೆ ಲೊರೆಟೊ ಎಂಬ ಯಾತ್ರಾ ಚರ್ಚು, ಆಮೇಲೆ ಕೋಟೆ.

ಕೋಟೆ ಅಂದರೆ ಒಂದು ಕಟ್ಟಡ ಅಲ್ಲ, ಸುಮಾರು 70,000 ಚದರ ಮೀಟರಿನ ಒಂದು ಸಣ್ಣ ಊರು. ಒಳಗೆ ಹೋಗುವಾಗ ಬ್ಯಾಗ್ ತಪಾಸಣೆ ಇರಬಹುದು. ಅಂಗಳಗಳಿಗೆ ಟಿಕೆಟ್ ಬೇಕಿಲ್ಲ. ಒಳಗಿನ ಸೇಂಟ್ ವೀಟಸ್ ಚರ್ಚಿಗೆ 1344ರಲ್ಲಿ ಅಡಿಗಲ್ಲು ಹಾಕಿದರು, ಮುಗಿದದ್ದು 1929ರಲ್ಲಿ. ನಮ್ಮೂರಿನ ಫ್ಲೈಓವರ್ ಬಗ್ಗೆ ಬೈದುಕೊಳ್ಳುವವರಿಗೆ ಸಮಾಧಾನ ಆಗಲಿ. ಭಾನುವಾರ ಬೆಳಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೆ ಪ್ರವೇಶ, ಆ ದಿನ ಬಿಡಿ. ಎಡಗಡೆ ಸಾಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಒಂದು ಮೂಖಾ ಎಂಬ ಚಿತ್ರಕಾರರದ್ದು. ಬೆಳಗಿನ ಬಿಸಿಲಿಗಿಂತ ಬಿಸಿಲು ಪಶ್ಚಿಮಕ್ಕೆ ವಾಲಿದ ಮೇಲೆ ನನಗೆ ಅದು ಚೆನ್ನಾಗಿ ಕಂಡಿತು. ಹಳೇ ಅರಮನೆಯಲ್ಲಿ 1618ರಲ್ಲಿ ರಾಜನ ಅಧಿಕಾರಿಗಳನ್ನು ಎಸೆದ ಕಿಟಕಿ ಇದೆ. ಅವರು ಬದುಕಿಕೊಂಡರು, ಆದರೆ ಆ ಜಗಳ ಬೆಳೆದು ಯುರೋಪಿನಲ್ಲಿ 30 ವರ್ಷದ ಯುದ್ಧವೇ ಆಯಿತು. ಗೋಲ್ಡನ್ ಲೇನ್ ಎಂಬ ಗುಬ್ಬಚ್ಚಿ ಗೂಡಿನಂಥ ಮನೆಗಳ ಸಾಲಿನಲ್ಲಿ 22ನೇ ನಂಬರಿನ ಮನೆಯಲ್ಲಿ ಕಾಫ್ಕಾ 1916-17ರಲ್ಲಿ ಕೂತು ಬರೆಯುತ್ತಿದ್ದರು. ಬಾಗಿಲಲ್ಲಿ ನಾನೇ ತಲೆ ತಗ್ಗಿಸಬೇಕಾಯಿತು.

ಕೋಟೆಯ ಪೂರ್ವ ತುದಿಯಿಂದ ಮೆಟ್ಟಿಲಿಳಿದರೆ ಮಾಲೊಸ್ತ್ರಾನ್ಸ್ಕಾ ಮೆಟ್ರೋ. ಆದರೆ ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಲ್ವಾ? ಅವರು ಎರಡನೇ ಅಂಗಳದಿಂದ ಉತ್ತರದ ಸೇತುವೆ ದಾಟಿ ಕೋಟೆಯ ಟ್ರಾಮ್ ಸ್ಟಾಪಿಗೆ ಬರಲಿ. ದಾರಿ ಸಮತಟ್ಟು.

ಅದೇ 22ರಲ್ಲಿ ಕೆಳಗೆ ಬರುವಾಗ ಹೆಲ್ಲಿಖೊವಾ ಸ್ಟಾಪಿನಲ್ಲಿ ಇಳಿಯಿರಿ. ಬೆಂಗಳೂರಿನವರಿಗೆ ಇಲ್ಲೊಂದು ಪರಿಚಯದ ಮುಖ ಕಾದಿದೆ. ವಿವೇಕನಗರದ ಇನ್ಫೆಂಟ್ ಜೀಸಸ್ ಚರ್ಚು ಗೊತ್ತಲ್ಲ, ಗುರುವಾರ ಬಂದರೆ ಕಾಲಿಡಲು ಜಾಗ ಇರುವುದಿಲ್ಲ. ಆ ಬಾಲ ಯೇಸುವಿನ ಮೂಲ ವಿಗ್ರಹ ಇರುವುದು ಇಲ್ಲಿ, ಕಾರ್ಮೆಲಿತ್ಸ್ಕಾ ಬೀದಿಯ ಚರ್ಚಿನಲ್ಲಿ. 1628ರಲ್ಲಿ ಪೊಲಿಕ್ಸೆನಾ ಎಂಬ ಶ್ರೀಮಂತ ಮನೆತನದ ಹೆಂಗಸು ಕಾರ್ಮೆಲೈಟ್ ಸನ್ಯಾಸಿಗಳಿಗೆ ಕೊಟ್ಟದ್ದು. ಎತ್ತರ ಅರ್ಧ ಮೀಟರಿಗಿಂತ ಕಡಿಮೆ. ಹಬ್ಬಕ್ಕೆ, ಋತುವಿಗೆ ತಕ್ಕಂತೆ ಬಟ್ಟೆ ಬದಲಿಸುತ್ತಾರೆ. ಬೇರೆ ಬೇರೆ ದೇಶದವರು ಕಳಿಸಿದ ಪುಟ್ಟ ನಿಲುವಂಗಿಗಳು ಮೇಲಿನ ಕೋಣೆಯಲ್ಲಿವೆ. "ನಮ್ಮ ಕೃಷ್ಣನಿಗೆ ಮಾಡುವ ಅಲಂಕಾರದ ಹಾಗೇ" ಎಂದರು ಅಮ್ಮ, ಕೈಮುಗಿದು.

ಆರನೇ ಹೆಜ್ಜೆ: ನದಿಯ ಆಚೆ, ಗಡಿಯಾರ ನೋಡಿಕೊಂಡು

ಚಾರ್ಲ್ಸ್ ಸೇತುವೆ 1357ರಲ್ಲಿ ಶುರುವಾದದ್ದು, ಅರ್ಧ ಕಿಲೋಮೀಟರ್ ಉದ್ದ, ಎರಡೂ ಬದಿಗೆ 30 ಶಿಲ್ಪಗಳು. ಈಗಿರುವುದು ಹೆಚ್ಚಿನವು ನಕಲು, ಮೂಲ ಶಿಲ್ಪಗಳು ಮ್ಯೂಸಿಯಂಗಳಲ್ಲಿವೆ. ಬೆಳಗ್ಗೆ ಹತ್ತಕ್ಕೆ ಹೋದರೆ ಅವೆನ್ಯೂ ರೋಡಿನ ಹಾಗೆ. ಆರು ಗಂಟೆಗೆ ಹೋಗಿ. ಮಂಜು, ಬಾತುಕೋಳಿ, ಪ್ರೀವೆಡ್ಡಿಂಗ್ ಫೋಟೋಗೆ ಬಂದ ಒಂದೆರಡು ಜೋಡಿ ಬಿಟ್ಟರೆ ಯಾರೂ ಇರುವುದಿಲ್ಲ.

ಹಳೇ ಊರಿನ ಚೌಕದ ಖಗೋಳ ಗಡಿಯಾರ 1410ರದ್ದು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೆ ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಹಾದುಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ನೂರಾರು ಜನ ಫೋನ್ ಎತ್ತಿ ನಿಲ್ಲುತ್ತಾರೆ. ಒಂದು ನಿಮಿಷದೊಳಗೆ ಮುಗಿದು, "ಇಷ್ಟೇನಾ?" ಎನ್ನುತ್ತ ಚದುರುತ್ತಾರೆ. ನೀವು ಗಂಟೆ ಹೊಡೆದು ಐದು ನಿಮಿಷಕ್ಕೆ ಹೋಗಿ. ಎದುರಿಗೇ ನಿಂತು ಗಡಿಯಾರದ ಮುಖ ನೋಡಿ. ಮಜಾ ಇರುವುದು ಅಲ್ಲಿ.

ಇದು ಗೋಡೆಗೆ ಹೊಡೆದ ಪಂಚಾಂಗ. ಒಳಗಿನ ಚಿನ್ನದ ಉಂಗುರದಲ್ಲಿ ಹನ್ನೆರಡು ರಾಶಿಗಳಿವೆ. ಸೂರ್ಯನ ಗುರುತು ಯಾವ ರಾಶಿಯಲ್ಲಿದೆ, ಚಂದ್ರ ಎಲ್ಲಿದ್ದಾನೆ ಎಂದು ಓದಬಹುದು. ಚಂದ್ರ ಒಂದು ಸಣ್ಣ ಗುಂಡು, ಅರ್ಧ ಬೆಳ್ಳಿ, ಅರ್ಧ ಕಪ್ಪು. ತಾನೇ ತಿರುಗಿ ಶುಕ್ಲ ಪಕ್ಷ, ಕೃಷ್ಣ ಪಕ್ಷ ತೋರಿಸುತ್ತದೆ. ಹೊರಗಿನ ಕಪ್ಪು ಉಂಗುರದ ಅಂಕಿಗಳು ಹಳೇ ಬೊಹೀಮಿಯನ್ ಸಮಯ. ಅದರಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಈ ಗಡಿಯಾರದ ಲೆಕ್ಕದಲ್ಲಿ ಸೂರ್ಯ ಮಕರಕ್ಕೆ ಹೋಗುವುದು ಡಿಸೆಂಬರ್ 21-22ರ ಹೊತ್ತಿಗೆ. ನಮ್ಮ ಸಂಕ್ರಾಂತಿ ಜನವರಿ 14ಕ್ಕೆ. ಅವರದು ಸಾಯನ, ಅಂದರೆ ಹಗಲಿರುಳು ಸಮವಾಗುವ ಬಿಂದುವಿನಿಂದ ಎಣಿಸುವುದು. ನಮ್ಮದು ನಿರಯನ, ನಕ್ಷತ್ರಗಳಿಂದ ಎಣಿಸುವುದು. ಗಡಿಯಾರದ ಪಕ್ಕದ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. ರಾಜನ ವಿರುದ್ಧ ದಂಗೆ ಎದ್ದ 27 ಮಂದಿಯನ್ನು 1621ರಲ್ಲಿ ಕೊಂದ ಜಾಗ ಅದು. ಜನ ಅದರ ಮೇಲೇ ನಿಂತು ಸೆಲ್ಫಿ ತೆಗೆಯುತ್ತಾರೆ.

ಚೌಕದಲ್ಲಿ ಸುಟ್ಟ ಹ್ಯಾಮ್ ಮಾರುವವರ ಬೋರ್ಡಿನಲ್ಲಿರುವ ಬೆಲೆ 100 ಗ್ರಾಮಿಗೆ, ತಟ್ಟೆಗಲ್ಲ. ಸುರುಳಿ ಸುತ್ತಿದ ತ್ರ್ದೆಲ್ನಿಕ್ "ಹಳೇ ಪ್ರಾಗಿನ ತಿಂಡಿ" ಅಂತ ಬರೆದಿರುತ್ತಾರೆ, ಅದು ಪ್ರವಾಸಿಗರಿಗಾಗಿ ಬಂದ ಹೊಸ ಕಾಟ. ಸಸ್ಯಾಹಾರಿಗಳಿಗೆ ಕರಿದ ಚೀಸ್, ಹಣ್ಣು ತುಂಬಿದ ಕ್ನೆಡ್ಲೀಕಿ ಎಂಬ ಕಡುಬು ಇವೆ. ಆಲೂಗಡ್ಡೆಯ ಬ್ರಾಂಬೊರಾಕ್ ನಮ್ಮ ರೊಟ್ಟಿಯ ನೆಂಟ. ಆದರೆ ಹಂದಿ ಕೊಬ್ಬಿನಲ್ಲಿ ಕರಿದದ್ದೋ ಎಂದು ಕೇಳಲೇಬೇಕು. "ಬೆಜ್ ಮಾಸಾ" ಎಂದರೆ ಮಾಂಸ ಇಲ್ಲದ್ದು.

ಯಹೂದಿ ಕೇರಿ ಯೊಸೆಫೊವ್‌ನ ಮ್ಯೂಸಿಯಂ, ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರಗಳು ಶನಿವಾರ ಮುಚ್ಚಿರುತ್ತವೆ, ಕಾರ್ಯಕ್ರಮ ಹಾಕುವಾಗಲೇ ನೋಡಿಕೊಳ್ಳಿ. ಪಿಂಕಸ್ ಸಿನಗಾಗ್‌ನ ಗೋಡೆಗಳ ತುಂಬ ಸಣ್ಣ ಅಕ್ಷರದಲ್ಲಿ ಹೆಸರುಗಳು. ನಾಜಿಗಳು ಕೊಂದ 77 ಸಾವಿರಕ್ಕೂ ಹೆಚ್ಚು ಜನರವು. ಮೇಲಿನ ಕೋಣೆಯಲ್ಲಿ ತೆರೆಜಿನ್ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳು. ಇದನ್ನು ನೋಡಿದ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ನಾವು ಹೊರಗೆ ಬಂದು ನದಿ ದಂಡೆಯ ಬೆಂಚಿನ ಮೇಲೆ ತುಂಬ ಹೊತ್ತು ಸುಮ್ನೆ ಕೂತಿದ್ದೆವು.

ವೆನ್ಸೆಸ್ಲಾಸ್ ಚೌಕಕ್ಕೆ ಒಂದು ಸಂಜೆ ಸಾಕು. ಚೌಕ ಅನ್ನುವುದಕ್ಕಿಂತ ಅಗಲ ರಸ್ತೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದದ್ದು ಇಲ್ಲಿಗೇ, 1989ರ ನವೆಂಬರ್‌ನಲ್ಲಿ ಲಕ್ಷಾಂತರ ಜನ ಕೀಲಿಕೈ ಗೊಂಚಲು ಅಲ್ಲಾಡಿಸಿ ಸರಕಾರ ಇಳಿಸಿದ್ದೂ ಇಲ್ಲೇ. ಕೆಳ ತುದಿಯಲ್ಲಿ ಬಾಟಾ ಅಂಗಡಿಯ ಗಾಜಿನ ಕಟ್ಟಡ ಇದೆ. ಬಾಟಾ ನಮ್ಮದೇ ಕಂಪನಿ ಎಂದುಕೊಂಡಿದ್ದ ಅಮ್ಮನಿಗೆ, ಅದು 1894ರಲ್ಲಿ ಈ ದೇಶದ ಜ್ಲೀನ್ ಊರಿನಲ್ಲಿ ಶುರುವಾದದ್ದು ಎಂದರೆ ನಂಬಿಕೆಯೇ ಬರಲಿಲ್ಲ.

ಕೊನೆಯ ದಿನಕ್ಕೆ ವಿಶೆಹ್ರಾದ್ ಇಟ್ಟುಕೊಳ್ಳಿ. ಹನ್ನೊಂದಕ್ಕೆ ಕೋಣೆ ಖಾಲಿ ಮಾಡಿ, ಸಾಮಾನು ಹೋಟೆಲಿನಲ್ಲೇ ಬಿಟ್ಟು, ಮೆಟ್ರೋ ಸಿ ಲೈನ್ ಹಿಡಿದು ಹೋಗಿ. ನಿಲ್ದಾಣದಿಂದ ಹಳೇ ಕೋಟೆಯ ಬಾಗಿಲಿಗೆ ಹೆಚ್ಚೇನೂ ಏರಿಲ್ಲ. ಡ್ವೊರ್ಜಾಕ್, ಸ್ಮೆಟಾನಾ ಎಂಬ ಇಬ್ಬರು ದೊಡ್ಡ ಸಂಗೀತಗಾರರ ಸಮಾಧಿ ಇಲ್ಲಿದೆ. ಕೋಟೆ ಗೋಡೆಯ ಮೇಲೆ ಕೂತರೆ ಕೆಳಗೆ ನದಿ, ಅದರ ಮೇಲೆ ರೈಲು ಸೇತುವೆ, ದೂರದಲ್ಲಿ ನೀವು ಹತ್ತಿಳಿದ ಗುಡ್ಡ. ಟಿಕೆಟ್ ಇಲ್ಲ, ಗದ್ದಲ ಇಲ್ಲ. ಅಮ್ಮ ಅಲ್ಲೇ ಚೀಲದಿಂದ ಮೊಸರನ್ನದ ಡಬ್ಬಿ ತೆಗೆದರು.